ಗಲಾತ್ಸ್‌ನಲ್ಲಿ ಹೆಣ್ಣು ನೋಡಿದ ಶನಿವಾರ

ಮೂರನೆಯ ಮಹಡಿ

ಮೇ ತಿಂಗಳ ಮೂರನೆಯ ಶನಿವಾರ, ಬೆಳಿಗ್ಗೆ ಐದೂವರೆ. ಸ್ಥಳ: ರೊಮೇನಿಯಾ ದೇಶದ ಗಲಾತ್ಸ್ ಊರು, ಎಂಟು ಮಹಡಿಯ ಕಟ್ಟಡದಲ್ಲಿ ಮೂರನೆಯದು. ಹಾಜರಿದ್ದವರು: ನಾನು, ನನ್ನ ತಮ್ಮನ ಮಗ ವೀರೇಶ (ನಿದ್ರೆಯಲ್ಲಿ), ಕಿಟಕಿಯ ಹೊರಗೆ ಒಂದು ಪಾರಿವಾಳ.

ಮೂವತ್ನಾಲ್ಕು ವರ್ಷ ಯಲಬುರ್ಗಾ, ಕುಷ್ಟಗಿ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳಿಗೆ ದಿನವನ್ನು ಬೇರೆ ರೀತಿ ಶುರು ಮಾಡಲು ಬರುವುದಿಲ್ಲ. ಡ್ಯೂಟಿಗೆ ಬಂದ ಕೂಡಲೇ ವಾರ, ವೇಳೆ, ಯಾರಿದ್ದಾರೆ ಎಂದು ಬರೆಯಬೇಕು. ಆಮೇಲೆ ಕಿಟಕಿ ತೆರೆಯಬೇಕು. ರಾತ್ರಿಯ ಗಾಳಿ ಹೊರಗೆ, ಹೊಸ ಗಾಳಿ ಒಳಗೆ. ನಾನು ಕಿಟಕಿ ತೆರೆದೆ, ಪಾರಿವಾಳ ಹಾರಿಹೋಯಿತು. ಎದುರಿನ ಕಟ್ಟಡದಲ್ಲಿ ಒಂದೇ ಒಂದು ಕಿಟಕಿಯೂ ತೆರೆದಿರಲಿಲ್ಲ. ಬಂದು ಹತ್ತು ದಿನವಾಗಿತ್ತು. ಈ ದೇಶದವರು ಕಿಟಕಿಯನ್ನು ಗೋಡೆಗೆ ತೂಗುಹಾಕಿದ ಚಿತ್ರವೆಂದು ತಿಳಿದಿದ್ದಾರೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ನಾನು ಬಂದದ್ದು ಕಿಟಕಿ ನೋಡಲು ಅಲ್ಲ, ಹೆಣ್ಣು ನೋಡಲು.

ವೀರೇಶ ಗಿಣಿಗೇರಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಎರಡು ವರ್ಷದ ಕರಾರಿನ ಮೇಲೆ ಇಲ್ಲಿಯ ಉಕ್ಕಿನ ಕಾರ್ಖಾನೆಗೆ ಬಂದ. ಮೂರನೆಯ ವರ್ಷವೂ ಉಳಿದ. ಯಾಕೆಂದು ಕೇಳಿದರೆ ಮೊದಲು ಹವೆ ಛಲೋ ಐತಿ ಎಂದ. ಮೈನಸ್ ಹತ್ತು ಡಿಗ್ರಿಯ ಹವೆಯನ್ನು ಹೊಗಳುವ ಹುಡುಗನ ಮೇಲೆ ನನಗೆ ಆಗಲೇ ಸಂಶಯ ಬಂದಿತ್ತು. ಕೊನೆಗೆ ಯುಗಾದಿಯ ದಿನ ಅವರಪ್ಪನಿಗೆ ಫೋನು ಮಾಡಿ ವಿಷಯ ಬಿಚ್ಚಿದ. ನನ್ನ ತಮ್ಮ ಕಲ್ಲಪ್ಪ ಕೇಳಿದ್ದು ಎರಡೇ ಪ್ರಶ್ನೆ.

"ಯಾರ ಪೈಕಿ?"

"ಇಲ್ಲಿಯವರ ಪೈಕಿನ, ಅಪ್ಪಾ."

"ಹೆಸರು?"

"ಮಿಹಾಯೆಲಾ."

"ಮೈಲಾರಿ? ಹೆಸರೇನೋ ನಮ್ಮದ ಐತಲ್ಲ," ಎಂದು ಕಲ್ಲಪ್ಪ ಸ್ವಲ್ಪ ಹೊತ್ತು ಸಮಾಧಾನದಿಂದ ಇದ್ದ. ಪೂರ್ತಿ ತಿಳಿದ ಮೇಲೆ ಕುಷ್ಟಗಿಗೆ, ನನ್ನ ಮನೆಗೆ ಬಂದು ಕೂತ. "ಅಕ್ಕಾ, ನಿನಗ ವ್ಯಾಳ್ಯಾ ಐತಿ, ಕಾಲು ಗಟ್ಟಿ ಅದಾವ. ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಅವನೂ ಇದಕ್ಕ ಒಪ್ಪ್ಯಾನ."

ಹೀಗೆ ಒಣಗಿದ ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗಂಗಾವತಿಯ ತಂಗಿ ಕೊಟ್ಟ ಅಕ್ಕಿ, ಹುಲಿಗೆಮ್ಮನ ಭಂಡಾರದ ಪೊಟ್ಟಣ ಹಿಡಿದು ಹೊರಟೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಹಳದಿ ಪುಡಿಯನ್ನು ಬಿಚ್ಚಿ, ಇದೇನು ಎಂದು ಕೈಸನ್ನೆ ಮಾಡಿದ. ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿಕೊಂಡೆ, ಇನ್ನೊಂದು ಚಿಟಿಕೆ ಅವನ ಹಣೆಯ ಕಡೆ ಒಯ್ದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ಒಳಗೆ ಬಿಟ್ಟ.

ಬಂದು ನೋಡಿದರೆ ಹೆಣ್ಣೇ ಊರಲ್ಲಿಲ್ಲ.

ಮಿಹಾಯೆಲಾ ಇಲ್ಲಿಯ ಸಾಲೆಯಲ್ಲಿ ಸಂಗೀತ ಕಲಿಸುವವಳು. ಯುರೋಪಿನ ದೇಶಗಳೆಲ್ಲ ವರ್ಷಕ್ಕೊಮ್ಮೆ ಹಾಡಿನ ಸ್ಪರ್ಧೆ ನಡೆಸುತ್ತವೆ. ದೇಶಕ್ಕೊಂದು ಹಾಡು, ಹಾಡಿಗೆ ಮೂರು ನಿಮಿಷ, ವೇದಿಕೆಯ ಮೇಲೆ ಆರು ಜನ, ಏಳನೆಯವನಿಗೆ ಜಾಗವಿಲ್ಲ. ಶಿಸ್ತು ನನಗೆ ಮೆಚ್ಚಿಗೆಯಾಯಿತು. ಆ ವರ್ಷ ರೊಮೇನಿಯಾದ ಹಾಡಿಗೆ ಮುಂದೆ ನಿಂತು ಹಾಡುವವನೊಬ್ಬ, ಹಿಂದೆ ದನಿಗೂಡಿಸುವವರು ಐದು ಜನ. ಆ ಐವರಲ್ಲಿ ನಾವು ನೋಡಬೇಕಾದ ಹೆಣ್ಣು ಒಬ್ಬಳು. ತಾಲೀಮಿಗೆಂದು ಬೇರೆ ದೇಶಕ್ಕೆ ಹೋದವಳು ತಿರುಗಿ ಬರುವುದು ಗುರುವಾರ. ನನ್ನ ವಿಮಾನ ಮಂಗಳವಾರ. ಆಗ ಮೊಬೈಲು ಇದ್ದದ್ದು ಮಾತಾಡಲಿಕ್ಕೆ ಮಾತ್ರ. ಉಳಿದದ್ದು ಒಂದೇ ದಾರಿ: ಶನಿವಾರ ರಾತ್ರಿ ಟಿ.ವಿ. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಚಹಾ ಕುಡಿದ ಮೇಲೆ 'ಒಂದು ಹಾಡು ಹಾಡವ್ವಾ' ಅನ್ನುತ್ತಾರೆ. ಇವಳು ಇಡೀ ಯುರೋಪಿನ ಎದುರು ಹಾಡುವವಳು. ಶಾಸ್ತ್ರಕ್ಕೆ ಕೊರತೆಯಿರಲಿಲ್ಲ.

ನನ್ನನ್ನೂ ಒಮ್ಮೆ ನೋಡಲು ಬಂದಿದ್ದರು, ಅಳವಂಡಿಯವರು. ಹಾಡು ಅಂದರು. ಮೊದಲು ಕೈ ತೊಳೆದುಕೊಂಡು ಅವಲಕ್ಕಿ ತಿನ್ನಿರಿ, ಆಮೇಲೆ ಹಾಡುತ್ತೇನೆ ಅಂದೆ. ಆಗಷ್ಟೇ ನರ್ಸಿಂಗ್ ತರಬೇತಿ ಮುಗಿದಿತ್ತು. ಅವರು ಕೈ ತೊಳೆದುಕೊಂಡರು, ಎದ್ದು ಹೋದರು.

ಮಾರುಕಟ್ಟೆ

ಎಂಟು ಗಂಟೆಗೆ ಮಾರುಕಟ್ಟೆ. ಆ ಹಾಡು ಎಲ್ಲ ಕಡೆಯೂ ಇತ್ತು. ಬ್ರೆಡ್ಡಿನಂಗಡಿಯಲ್ಲಿ, ಟ್ರಾಮಿನಲ್ಲಿ, ಕ್ಷೌರದವನ ರೇಡಿಯೋದಲ್ಲಿ. ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮೊದಲು ಒಂದು, ಊಟದ ನಂತರ ಒಂದು ಎಂಬಂತೆ ಊರಿಗೆ ಊರೇ ಅದನ್ನು ತೆಗೆದುಕೊಳ್ಳುತ್ತಿತ್ತು.

"ಏನಂತಾನೋ ಅವ?" ಎಂದು ವೀರೇಶನನ್ನು ಕೇಳಿದೆ.

"ನನ್ನ ಬಿಟ್ಟು ಹೋಗಬ್ಯಾಡ ಅಂತಾನ, ಅತ್ತಿ."

"ಆಮ್ಯಾಲ?"

"ಆಮ್ಯಾಲ ಅದನ್ನ ಇಂಗ್ಲೀಷಿನ್ಯಾಗ ಅಂತಾನ."

"ಅಕಿ ಏನಂತಾಳ?"

"ಯಾರು, ಮಿಹಾಯೆಲಾನ? ಅಕಿ ಹಿಂದಿಂದ 'ಓ' ಅಂತಾಳ. ಆದ್ರ ಭಾಳ ಎತ್ತರದ 'ಓ', ಅತ್ತಿ. ಅದನ್ನ ಅಕಿಗಷ್ಟ ಕೊಟ್ಟಾರ."

ಬಿಸಿಲು ಏರಿತ್ತು. ಟೊಮೆಟೊ ರಾಶಿಯ ಮುಂದೆ ನಿಂತು "ಯಪ್ಪಾ!" ಎಂದು ಉಸಿರುಬಿಟ್ಟೆ. ಮಾರುವ ಮುದುಕಿ ಕೂಡಲೇ ಬಾಟಲಿ ನೀರು ತಂದು ಕೈಗಿಟ್ಟಳು. ಇದು ಮೊದಲ ಸಲವಲ್ಲ. ಇವರ ಮಾತಿನಲ್ಲಿ ನೀರಿಗೆ 'ಅಪ' ಅನ್ನುತ್ತಾರೆ. ನಮ್ಮ ಕಡೆಯವರು ಏಳುವಾಗ ಅಪ್ಪಾ, ಕೂಡುವಾಗ ಅಪ್ಪಾ. ಹತ್ತು ದಿನದಲ್ಲಿ ನಾನು ಕುಡಿದಷ್ಟು ನೀರನ್ನು ಯಾವ ಡಾಕ್ಟರನೂ ಬರೆದುಕೊಟ್ಟಿರಲಿಕ್ಕಿಲ್ಲ. ಉಪ್ಪಿಗೆ ಇವರದು 'ಸರೆ'. ಹಿಂದಿನ ರವಿವಾರ ಹುಡುಗಿಯ ತಾಯಿ ಊಟಕ್ಕೆ ಕರೆದಿದ್ದರು. ಅವರು ಬಡಿಸುತ್ತ ಹೋದಂತೆ ನಾನು ಮರ್ಯಾದೆಗೆ "ಸರಿ, ಸರಿ" ಅನ್ನುತ್ತ ಹೋದೆ. ಪ್ರತಿ ಸರಿಗೂ ಉಪ್ಪಿನ ಬಟ್ಟಲು ನನ್ನ ಮುಂದೆ ಬಂತು. ಎರಡು ಶಬ್ದದಲ್ಲಿ ಉಪ್ಪು ಬಂತು, ನೀರು ಬಂತು. ಸಕ್ಕರೆಗೂ ಒಂದು ಕನ್ನಡ ಶಬ್ದ ಸಿಕ್ಕಿದ್ದರೆ ಓ.ಆರ್.ಎಸ್. ತಯಾರಾಗುತ್ತಿತ್ತು.

ಆ ದಿನ ನಾನು ಕೊಟ್ಟ ಕಟಕ್ ರೊಟ್ಟಿಯನ್ನು ಅವರು ತಟ್ಟೆಯೆಂದು ತಿಳಿದು, ಮೇಲೆ ಸ್ಟ್ರಾಬೆರಿ ಇಟ್ಟು ಎಲ್ಲರಿಗೂ ಹಿಡಿದರು. ರೊಟ್ಟಿ ಮುರಿಯಲಿಲ್ಲ. ನಮ್ಮ ರೊಟ್ಟಿಯ ಬಗ್ಗೆ ನನಗೆ ಹೆಮ್ಮೆಯಾಯಿತು.

ನದಿಯ ದಂಡೆ

ಸಂಜೆ ಐದಕ್ಕೆ ಡ್ಯಾನ್ಯೂಬ್ ದಂಡೆಯ ಮೇಲೆ ಒಂದು ತಾಸು ನಡಿಗೆ. ತುಂಗಭದ್ರೆಯನ್ನು ನೋಡಿದವಳಿಗೆ ಈ ನದಿಯಲ್ಲಿ ಹೊಸದೇನಿಲ್ಲ. ಇದರಲ್ಲಿ ನೀರು ವರ್ಷವಿಡೀ ಇರುತ್ತದೆ, ಅಷ್ಟೇ ವ್ಯತ್ಯಾಸ. ಬೆಂಚುಗಳ ಮೇಲೆ ಕೂತ ವಯಸ್ಸಾದವರು ಸೂರ್ಯಕಾಂತಿ ಬೀಜವನ್ನು ಹಲ್ಲಿನಿಂದ ಒಡೆದು, ತಿರುಳು ತಿಂದು, ಸಿಪ್ಪೆ ಉಗುಳುತ್ತಿದ್ದರು. ನಮ್ಮ ಕುಷ್ಟಗಿಯ ಹೊಲಗಳಲ್ಲಿ ಬೆಳೆದದ್ದು ಎಣ್ಣೆ ಗಾಣಕ್ಕೆ ಹೋಗುತ್ತದೆ. ಒಂದೊಂದೇ ಬೀಜ ಒಡೆಯಲು ಯಾರಿಗೆ ವೇಳೆಯಿದೆ? ಇಲ್ಲಿಯವರಿಗೆ ಇದೆ.

ಅಲ್ಲಿ ವೀರೇಶ ಮನಸ್ಸು ಬಿಚ್ಚಿದ. ನನ್ನ ಹೂಂ ಒಂದೇ ಸಾಲದು, ಹುಡುಗಿಯ ತಾಯಿಯದೂ ಬೇಕು. ಅವರು ಇನ್ನೂ ಕೊಟ್ಟಿರಲಿಲ್ಲ.

ತಾಯಿಯ ಹೆಸರು ರೊದಿಕಾ. ನಾನು ರೊದಿಕಾಬಾಯಿ ಅನ್ನುತ್ತಿದ್ದೆ. ಗಂಡ ತೀರಿ ಬಹಳ ವರ್ಷ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾರೆ. ಇಲ್ಲಿ ಆ ಕೆಲಸಕ್ಕೆ ಹೆಂಗಸರೇ ಹೆಚ್ಚು, ಕೈ ನಡುಗುವುದಿಲ್ಲವಂತೆ. ಛಾವಣಿಯ ಹತ್ತಿರ ಗೂಡಿನಲ್ಲಿ ಅವರು, ಕೆಳಗೆ ನೆಲದ ಮೇಲೆ ವೀರೇಶ. ಸದ್ದಿನಲ್ಲಿ ಮಾತು ಕೇಳಿಸದ್ದರಿಂದ ಎಲ್ಲವೂ ಕೈಸನ್ನೆ. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು. ಅಂಗೈ ಕೆಳಗೆ ಮಾಡಿದರೆ ಇಳಿಸು. ಮುಷ್ಟಿ ಬಿಗಿದರೆ ನಿಲ್ಲು.

"ಮದವಿ ಮಾತು ತಗದಾಗೆಲ್ಲ ಏನಂತಾರ?" ಎಂದೆ.

ವೀರೇಶ ಮುಷ್ಟಿ ಬಿಗಿದು ತೋರಿಸಿದ. "ಮೂರು ಸಲ ಕೇಳೀನಿ, ಮೂರು ಸಲಾನೂ ಇದನ್ನ ತೋರ್ಸ್ಯಾರ. ನಿಮ್ಮ ಮಂದಿ ಹೆಂಗದಾರ ನನಗ ಗೊತ್ತಿಲ್ಲ, ಗೊತ್ತಾಗೋ ತನಕ ಇಷ್ಟ ಅಂದ್ರು. ರವಿವಾರದ್ದು ಬರೇ ಊಟ. ಅದಕ್ಕ ಇವತ್ತ ನಿನ್ನ ಮತ್ತ ಕರದಾರ, ಅತ್ತಿ. ಹಾಡು ನೋಡಾಕಲ್ಲ. ನಿನ್ನ ನೋಡಾಕ."

ನೋಡಲು ಬಂದವಳೇ ನೋಡಿಸಿಕೊಳ್ಳುವವಳೂ ಆದೆ. ಅಳವಂಡಿಯವರದು ಮೊದಲನೆಯ ಸಲ, ಇದು ಎರಡನೆಯದು.

"ನಾ ಏನು ಮಾಡಬೇಕು?"

"ಏನೂ ಮಾಡಬ್ಯಾಡ. ಸುಮ್ನ ಕೂಡು. ಅಷ್ಟ ಮಾಡು," ಎಂದ. ಅವನು ಎಂಟನೆಯ ತರಗತಿಯಿಂದ ಐ.ಟಿ.ಐ. ತನಕ ನನ್ನ ಕ್ವಾರ್ಟರ್ಸಿನಲ್ಲಿ ಇದ್ದು ಓದಿದವನು. ನಾನು ಸುಮ್ಮನೆ ಕೂಡುವವಳಲ್ಲ ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಲ್ಲ.

ರೊದಿಕಾಬಾಯಿಯ ಮನೆ

ರಾತ್ರಿ ಒಂಬತ್ತೂವರೆ. ಇದು ನಾನು ಮಲಗುವ ಹೊತ್ತು. ಇಲ್ಲಿ ಸ್ಪರ್ಧೆ ಶುರುವಾಗುವುದೇ ಹತ್ತಕ್ಕೆ. ಹಾಜರಿದ್ದವರು: ರೊದಿಕಾಬಾಯಿ, ವೀರೇಶ, ನಾನು, ನೆರೆಹೊರೆಯ ಎಂಟು ಜನ. ಅವರಲ್ಲಿ ಸಿಗರೇಟು ಸೇದುವವರು ನಾಲ್ವರು. ತೆರೆದ ಕಿಟಕಿ, ಒಂದೂ ಇಲ್ಲ.

ಯಾವ ಜಾಗಕ್ಕೆ ಹೋದರೂ ಮೊದಲು ಮೂರು ನೋಡಬೇಕು: ಹೊರಗೆ ಹೋಗುವ ಬಾಗಿಲು, ನೀರು, ಮೇನ್ ಸ್ವಿಚ್. ಯಲಬುರ್ಗಾದಲ್ಲಿ ನಮ್ಮ ಹಿರಿಯ ಸಿಸ್ಟರ್ ಕಲಿಸಿದ ಪಾಠ. ಬಾಗಿಲು ಬಲಕ್ಕೆ, ನೀರು ಅಡಿಗೆ ಮನೆಯಲ್ಲಿ, ಮೇನ್ ಸ್ವಿಚ್ ಬಾಗಿಲ ಪಕ್ಕದ ಮರದ ಪೆಟ್ಟಿಗೆಯಲ್ಲಿ. ನೋಡಿಕೊಂಡು ಕೂತೆ.

ಹಾಡುಗಳು ಒಂದಾದ ಮೇಲೊಂದು ಬಂದವು. ಒಬ್ಬಳು ಮಂಜುಗಡ್ಡೆಯಂಥ ಡಬ್ಬಿಯಿಂದ ಹೊರಬಂದು ಹಾಡಿದಳು. ಒಬ್ಬನ ಹಿಂದೆ ಬೆಂಕಿ ಎದ್ದಿತು. ನಾನು ಬೆಂಕಿಯ ಹತ್ತಿರ ಬಕೆಟ್ ಇದೆಯೇ ಎಂದು ಹುಡುಕಿದೆ, ಕಾಣಲಿಲ್ಲ. ಟಿ.ವಿ. ಹಳೆಯದು. ಚಿತ್ರ ಆಗಾಗ ಅಲುಗಾಡುತ್ತಿತ್ತು. ರೊದಿಕಾಬಾಯಿ ಎದ್ದು ಆಂಟೆನಾ ಹಿಡಿದು ತಿರುಗಿಸಿ ಬರುತ್ತಿದ್ದರು. ಅಂದು ಅವರು ನನ್ನ ಕಡೆ ನೋಡಿದ್ದು ಎರಡು ಸಲ, ಎರಡು ಸಲವೂ ನನ್ನ ಚಪ್ಪಲಿಯಿಂದ ಹಣೆಯ ಭಂಡಾರದ ತನಕ. ನಾನು ಸುಮ್ಮನೆ ಕೂತಿದ್ದೆ. ಎದುರು ಮನೆಯ ಮುದುಕ ಐದನೆಯ ಸಿಗರೇಟು ಹಚ್ಚುವ ತನಕ ಸುಮ್ಮನೆ ಕೂತಿದ್ದೆ.

ಮುಂದಿನ ಹಾಡು ರೊಮೇನಿಯಾದ್ದು ಎಂದು ಪರದೆಯ ಮೇಲೆ ಬಂತು. ಎಲ್ಲರೂ ಮುಂದೆ ಬಾಗಿದರು. ಚಿತ್ರ ಮತ್ತೆ ಕುಣಿಯಿತು. ರೊದಿಕಾಬಾಯಿ ಹಾರಿ ಹೋಗಿ ಆಂಟೆನಾ ಹಿಡಿದರು. ಹೊಗೆಯಲ್ಲಿ ನನಗೆ ಟಿ.ವಿ. ಕಾಣುತ್ತಿರಲಿಲ್ಲ. ಮೂರು ನಿಮಿಷದ ಹೆಣ್ಣು, ಅದೂ ಹೊಗೆಯಲ್ಲಿ ಹೋದರೆ ಕಲ್ಲಪ್ಪನಿಗೆ ಏನು ಹೇಳಲಿ? ಎದ್ದು ಕಿಟಕಿಯನ್ನು ಪೂರ್ತಿ ತೆರೆದೆ. ನದಿಯ ಗಾಳಿ ಒಮ್ಮೆಲೇ ನುಗ್ಗಿತು.

ರೊದಿಕಾಬಾಯಿ ಒಂದು ಕೈಯಲ್ಲಿ ಆಂಟೆನಾ ಹಿಡಿದಂತೆಯೇ ಇನ್ನೊಂದು ಕೈಯಿಂದ ಕುತ್ತಿಗೆ ಹಿಡಿದುಕೊಂಡು, ಕಣ್ಣು ದೊಡ್ಡದು ಮಾಡಿ ಕಿರುಚಿದರು: "ಕುರೆಂಟ್! ಕುರೆಂಟ್!"

ನಮ್ಮ ಕಡೆಯ ಯಾವ ಮನುಷ್ಯನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣ ಹಿಡಿದ ಕೈ, ಸೆಟೆದ ಕುತ್ತಿಗೆ, ಕರೆಂಟ್ ಎಂಬ ಕೂಗು. ಹೊಡೆಸಿಕೊಂಡವರನ್ನು ಮುಟ್ಟಬಾರದು, ಮೊದಲು ಮೇನ್ ತೆಗೆಯಬೇಕು. ನಾನು ನಾಲ್ಕು ಹೆಜ್ಜೆಯಲ್ಲಿ ಪೆಟ್ಟಿಗೆ ಮುಟ್ಟಿ ಸ್ವಿಚ್ ಎಳೆದೆ.

ಟಿ.ವಿ. ಹೋಯಿತು. ದೀಪ ಹೋಯಿತು. ರೊಮೇನಿಯಾ ಹೋಯಿತು.

ಅದೇ ಮನೆ, ಕತ್ತಲೆ

ಮುಂದಿನ ಕೆಲಸ ರೋಗಿಯದು. ಕತ್ತಲೆಯಲ್ಲಿ ರೊದಿಕಾಬಾಯಿಯ ಭುಜ ಹಿಡಿದು ಸೋಫಾದ ಮೇಲೆ ಮಲಗಿಸಿದೆ, ಕಾಲಿನ ಕೆಳಗೆ ದಿಂಬು ಕೊಟ್ಟೆ, ಮಣಿಕಟ್ಟು ಹಿಡಿದೆ. ಅವರು ಕೊಸರಾಡಿದರು, ಏನೇನೋ ಕೂಗಿದರು. ಏಟು ತಿಂದವರು ಹಾಗೇ ಮಾಡುತ್ತಾರೆ; ನಾನು ಬಿಡಲಿಲ್ಲ. ಬಾಗಿಲ ಕಡೆಯಿಂದ ವೀರೇಶನ ದನಿ ಬಂತು:

"ಅತ್ತೀ! ಏನು ಮಾಡ್ದಿ ಅತ್ತೀ!"

"ಕರೆಂಟ್ ಹೊಡದೈತೋ ಇವರಿಗೆ! ದೀಪಾ ತಾ!"

"ಹೊಡದಿಲ್ಲ! ಮೇನ್ ಹಾಕಿದ್ನಿ, ಫ್ಯೂಜ್ ಹೋತು... ತಂತಿ ಎಲ್ಲೈತಿ ಇಲ್ಲಿ?"

ಅಷ್ಟರಲ್ಲಿ ಹಾಡು ಶುರುವಾಯಿತು. ಮೇಲಿನ ಮನೆಯಿಂದ, ಕೆಳಗಿನ ಮನೆಯಿಂದ, ಗೋಡೆಯಾಚೆಯಿಂದ, ಇಡೀ ಕಟ್ಟಡದ ಎಲ್ಲ ಟಿ.ವಿ.ಗಳಿಂದ ಒಂದೇ ಹಾಡು. ನಾನು ತೆರೆದ ಕಿಟಕಿಯಿಂದ ಎದುರಿನ ಕಟ್ಟಡದ್ದೂ ಬಂತು. ರೊದಿಕಾಬಾಯಿ ಕೊಸರಾಡುವುದು ನಿಲ್ಲಿಸಿದರು.

ನನ್ನ ಗಡಿಯಾರದ ಮುಳ್ಳುಗಳು ಕತ್ತಲೆಯಲ್ಲಿ ಹೊಳೆಯುತ್ತವೆ. ರಾತ್ರಿ ಪಾಳಿಗೆಂದು ಕೊಂಡದ್ದು. ನಾಡಿ ಎಣಿಸಿದೆ. ಎಂಬತ್ತೆಂಟು. ಏಟು ತಿಂದವರ ನಾಡಿಯಲ್ಲ. ಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಹಾಡುವವನ ದನಿಯ ಹಿಂದಿನಿಂದ ಎತ್ತರದ ಒಂದು 'ಓ' ಎದ್ದಿತು. ನನ್ನ ಬೆರಳಿನ ಕೆಳಗೆ ನಾಡಿ ಹಾರಿಬಿತ್ತು. ರೊದಿಕಾಬಾಯಿ ಇನ್ನೊಂದು ಕೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದು, "ಮಿಹಾಯೆಲಾ" ಎಂದರು. ಬಹಳ ಮೆಲ್ಲಗೆ. ಎಣಿಸಿದೆ: ನೂರಾ ಹನ್ನೆರಡು. ಆ ದನಿ ಇಳಿಯುವ ತನಕ ಅದು ಇಳಿಯಲಿಲ್ಲ.

ವೀರೇಶ ಫ್ಯೂಜಿಗೆ ತಂತಿ ಕಟ್ಟುವಷ್ಟರಲ್ಲಿ, ಹಳೆಯ ಟಿ.ವಿ. ಬಿಸಿಯಾಗುವಷ್ಟರಲ್ಲಿ, ಬೇರೆ ಯಾವುದೋ ದೇಶದ ನಾಲ್ಕು ಗಂಡಸರು ಡೋಲು ಬಾರಿಸುತ್ತಿದ್ದರು.

ದೀಪದ ಬೆಳಕಿನಲ್ಲಿ ಹತ್ತು ಜನ ನನ್ನನ್ನು ನೋಡಿದರು. ರೊದಿಕಾಬಾಯಿ ಎದ್ದರು, ಕೂದಲು ಸರಿಮಾಡಿಕೊಂಡರು, ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿದರು. ತಿರುಗಿ ಬಂದು ನನಗೆ ಬೆನ್ನು ಮಾಡಿ ಕೂತರು. ಮಗಳು ಯುರೋಪಿನ ಎದುರು ಹಾಡಿದ ಮೂರು ನಿಮಿಷ ತಾಯಿಗೆ ಕಾಣಲಿಲ್ಲ. ಕಾಣದಂತೆ ಮಾಡಿದವಳು ಕುಷ್ಟಗಿಯಿಂದ ಇದಕ್ಕೇ ಬಂದವಳು. ವೀರೇಶ ನೆಲ ನೋಡುತ್ತ ಕೂತ. ಅವನ ಬಲಗೈ ತೊಡೆಯ ಮೇಲೆ ತಾನಾಗಿಯೇ ಮುಷ್ಟಿಯಾಗಿತ್ತು.

"ಕುರೆಂಟ್ ಅಂದ್ರ ಗಾಳೀನೂ ಹೌದು ಅತ್ತಿ ಇಲ್ಲಿ," ಎಂದ ಮೆಲ್ಲಗೆ. "ಕಿಟಕಿ ಗಾಳಿ. ಕುತ್ತಿಗಿಗೆ ಬಡದ್ರ ಜಡ್ಡು ಬೀಳ್ತಾರ, ಸತ್ತೂ ಹೋಗ್ತಾರ ಅಂತ ನಂಬ್ಯಾರ. ಅದಕ್ಕ ಮುಚ್ಚತಾರ."

ನಾನು ಯಪ್ಪಾ ಅನ್ನಲೂ ಹೆದರಿದೆ. ಯಾರಾದರೂ ನೀರು ತಂದಾರು.

ಅಂಕ ಎಣಿಕೆ

ಹಾಡುಗಳೆಲ್ಲ ಮುಗಿದ ಮೇಲೆ ಪ್ರತಿಯೊಂದರ ತುಣುಕನ್ನು ಮತ್ತೊಮ್ಮೆ ತೋರಿಸಿದರು. ರೊಮೇನಿಯಾದ್ದು ಬಂತು. ಕ್ಯಾಮೆರಾ ಮುಂದಿನ ಗಂಡಸಿನ ಹಲ್ಲನ್ನೇ ತೋರಿಸಿತು. ಅಂಚಿನಲ್ಲಿ ಒಂದು ಕ್ಷಣ ಒಂದು ಕೈ ಕಂಡಿತು. "ಅಕೀದು! ಅಕೀದು ಅತ್ತಿ!" ಎಂದು ವೀರೇಶ ಎದ್ದು ನಿಂತ. ಹೋಯಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ನನಗೆ ದೊರೆತದ್ದು ಒಂದು ಬಲಗೈ. ಉಗುರು ಕತ್ತರಿಸಿದ್ದಂತೆ ಕಂಡಿತು.

ಆಮೇಲೆ ಮತದಾನ, ಫೋನಿನಿಂದ. ಪ್ರಾಯಶ್ಚಿತ್ತವಾದರೂ ಆಗಲಿ ಎಂದು, "ನಂದೂ ಒಂದು ಓಟು ಹಾಕು ಅಕೀಗೆ," ಎಂದೆ.

"ಹಾಕಾಕ ಬರಂಗಿಲ್ಲ. ಇಲ್ಲಿಂದ ಈ ದೇಶದ ಹಾಡಿಗೆ ಓಟಿಲ್ಲ. ಬ್ಯಾರೆ ದೇಶದ್ದಕ್ಕ ಹಾಕಬೇಕು."

"ನಮ್ಮವರಿಗೆ ನಾವು ಹಾಕಂಗಿಲ್ಲಂದ್ರ ಅದೆಂಥಾ ಇಲೆಕ್ಷನ್ನೋ?"

ಈ ಪದ್ಧತಿ ನಮ್ಮ ಪಂಚಾಯ್ತಿಗೆ ಬಂದರೆ ಒಬ್ಬನೂ ಆರಿಸಿ ಬರುವುದಿಲ್ಲ ಎಂದುಕೊಂಡೆ. ಅಂಕದ ಲೆಕ್ಕವೂ ವಿಚಿತ್ರ. ಒಂದರಿಂದ ಎಂಟರ ತನಕ ಸರಿಯಾಗಿ ಹೋಗಿ, ಅಲ್ಲಿಂದ ಹತ್ತಕ್ಕೆ ಹಾರಿ, ಅಲ್ಲಿಂದ ಹನ್ನೆರಡಕ್ಕೆ. ಒಂಬತ್ತು, ಹನ್ನೊಂದು ಎಲ್ಲಿ ಹೋದವೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ದೇಶ ದೇಶದವರು ಬಂದು ಅಂಕ ಓದುವುದನ್ನು ನೋಡುತ್ತ ಕೂತಾಗ ಆ ನಿಯಮ ಅಷ್ಟು ತಪ್ಪಲ್ಲ ಅನ್ನಿಸತೊಡಗಿತು. ವೀರೇಶನಿಗೆ ನಾನು ಅಂಕ ಕೊಡುವುದಾದರೆ ಹನ್ನೆರಡೇ ಕೊಡುತ್ತೇನೆ, ಸಾಕಿದವಳು. ಅವನ ಅಂಕ ಅಲ್ಲಿ ಬೆನ್ನು ಮಾಡಿ ಕೂತವರ ಕೈಯಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ಅವರ ಮಗಳದು.

ಹಾಡು ಗೆಲ್ಲಲಿಲ್ಲ. ಪಟ್ಟಿಯ ನಡುವೆ ಎಲ್ಲೋ ಕೂತಿತು. ನೆರೆಯವರು, ನೆರೆ ದೇಶಗಳು ಮೋಸ ಮಾಡಿದವೆಂದು ಬೈಯುತ್ತ ಹೊರಟರು. ಅಷ್ಟು ಮಾತ್ರ ನನಗೆ ಭಾಷೆ ಬರದೆಯೂ ತಿಳಿಯಿತು.

ಬಾಗಿಲು

ನಾವೂ ಎದ್ದೆವು. ಬಾಗಿಲ ಹತ್ತಿರ, ಮೇನ್ ಸ್ವಿಚ್ಚಿನ ಪೆಟ್ಟಿಗೆಯ ಮುಂದೆಯೇ, ರೊದಿಕಾಬಾಯಿ ಅಡ್ಡ ನಿಂತು ವೀರೇಶನಿಗೆ ಏನೋ ಕೇಳಿದರು. ಅವನು ಹೇಳಿದ. ಅವರು ಮತ್ತೆ ಕೇಳಿದರು.

"ಏನಂತಾರೋ?"

"ನಿಮ್ಮ ಊರಾಗ ಯಾರರ ಕುರೆಂಟ್ ಅಂತ ಒದರಿದ್ರ ಏನರ್ಥ ಅಂತ ಕೇಳಿದ್ರು. ಮನಷ್ಯಾ ಸಾಯಾಕತ್ಯಾನ ಅಂತರ್ಥ ಅಂದ್ನಿ. ನಿಮ್ಮತ್ತಿ ನಾ ಸಾಯಾಕತ್ತೀನಿ ಅಂತ ಓಡಿದ್ಲೇನು ಅಂದ್ರು. ಹೌದು ಅಂದ್ನಿ."

ರೊದಿಕಾಬಾಯಿ ನನ್ನನ್ನು ಮೂರನೆಯ ಸಲ ನೋಡಿದರು. ಈ ಸಲ ಚಪ್ಪಲಿ ನೋಡಲಿಲ್ಲ. ನಿಧಾನವಾಗಿ ಮಾತಾಡಿದರು, ವೀರೇಶ ಹಿಂದಿನಿಂದ ಕನ್ನಡಕ್ಕೆ ಇಳಿಸುತ್ತ ಬಂದ.

"ಇಪ್ಪತ್ತಾರು ವರ್ಷ ಕ್ರೇನಿನ ಮ್ಯಾಲ ಕುಂತೀನಿ ಅಂತಾರ. ಕೆಳಗ ಯಾರರ ಒದರಿದ್ರ ಮೊದಲು ಮೇನ್ ತಗೀಬೇಕು, ಆಮ್ಯಾಲ ಯಾಕ ಅಂತ ಕೇಳಬೇಕು. ಹೊಸಾ ಮಂದಿ ಮೊದಲು ಕೇಳ್ತಾರ. ನಿಮ್ಮತ್ತಿ ಕೇಳ್ಲಿಲ್ಲ ಅಂತಾರ."

ಅಷ್ಟು ಹೇಳಿ ಅವರು ಬಲಗೈ ಎತ್ತಿದರು. ತೋರುಬೆರಳು ಮೇಲೆ ಮಾಡಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

ವೀರೇಶ ಅನುವಾದ ಮಾಡಲಿಲ್ಲ. ನನಗೂ ಅನುವಾದ ಬೇಕಿರಲಿಲ್ಲ.

ಮತ್ತೆ ಮೂರನೆಯ ಮಹಡಿ

ರಾತ್ರಿ ಎರಡು ಗಂಟೆ. ಗಿಣಿಗೇರಾದಲ್ಲಿ ನಾಲ್ಕೂವರೆ, ಕಲ್ಲಪ್ಪ ಏಳುವ ಹೊತ್ತು. ಫೋನು ಮಾಡಿದೆ.

"ಹುಡುಗೀನ್ನ ನೋಡಿದ್ಯಾ, ಅಕ್ಕಾ?"

"ಕೈ ನೋಡ್ದೆ."

"ಕೈ? ಬರೇ ಕೈ?"

"ಬಲಗೈ. ಉಗುರು ಕತ್ತರ್ಸ್ಯಾಳ."

"ಹಾಡ್ತಾಳೇನ?"

"ಅಕಿ ಹಾಡಿದ್ರ ಅವರವ್ವನ ನಾಡಿ ನೂರಾ ಹನ್ನೆರಡಕ್ಕ ಹೋಗ್ತೈತಿ."

ಆ ಕಡೆ ಕಲ್ಲಪ್ಪ ಎಮ್ಮೆಯ ಸರಪಳಿ ಬಿಚ್ಚುವ ಸದ್ದು ಕೇಳಿಸಿತು.

"ಅಕ್ಕಾ, ನನಗ ಏನೂ ತಿಳೀಲಿಲ್ಲ. ಹೂಂ ಅನ್ನಲ್ಯಾ, ಬ್ಯಾಡ ಅನ್ನಲ್ಯಾ?"

"ಹೂಂ ಅನ್ನು," ಎಂದು ಫೋನು ಇಟ್ಟೆ.

ವೀರೇಶ ಬೂಟು ಕೂಡ ಬಿಚ್ಚದೆ ಮಲಗಿಬಿಟ್ಟಿದ್ದ. ಬೂಟು ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟೆ. ಬೆಳಿಗ್ಗೆ ನಾನು ತೆರೆದಿಟ್ಟ ಕಿಟಕಿಯಿಂದ ನದಿಯ ಗಾಳಿ ನೇರವಾಗಿ ಅವನ ಕುತ್ತಿಗೆಗೆ ಬಡಿಯುತ್ತಿತ್ತು. ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿದೆ. ವೇಳೆ ಎರಡು ಗಂಟೆ ಹನ್ನೆರಡು ನಿಮಿಷ.